ನಾಲ್ಕನೆಯ ಮೂಲೆ

ಮೂವತ್ತೆರಡು ವರ್ಷದಲ್ಲಿ ನನ್ನ ಕತ್ತರಿ ತಪ್ಪಿದ್ದು ಒಂದೇ ವಿಷಯದಲ್ಲಿ. ಆ ಒಂದನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಗೆ ಬಿಟ್ಟರೆ ಅದಕ್ಕೆ ಕೈಕಾಲು ಮೂಡಿಸಿ, ಬಾಲ ಅಂಟಿಸಿ ಹೇಳುತ್ತಾರೆ. ನಮ್ಮೂರಿನವರ ಬಾಯಿ ನನಗೆ ಗೊತ್ತಿಲ್ಲವೇ! ನನ್ನ ಹೆಸರು ಮರಿಸ್ವಾಮಿ, ಊರಿಗೆಲ್ಲ ಕತ್ತರಿ ಮರಿಸ್ವಾಮಿ. ತೆರಿಗೆ ಕಚೇರಿಯಲ್ಲಿ ಮೂಲೆ ಕತ್ತರಿಸುವ ಕೆಲಸ ನನ್ನದಾಗಿತ್ತು.

ನಮ್ಮೂರು ಎರಡು ಬೆಟ್ಟಗಳ ನಡುವೆ ಹುದುಗಿದೆ. ವರ್ಷವಿಡೀ ಮಂಜು. ಹಾಗಾಗಿ ಇಲ್ಲಿ ಸಂಬಳ ಕೊಡುವುದು ಬಿಸಿಲಿನಲ್ಲಿ. ಬೆಟ್ಟದ ನೆತ್ತಿಯಿಂದ ಬಿಸಿಲಿನ ಹಾಳೆಗಳು ಹೊರೆಹೊರೆಯಾಗಿ ಕೆಳಗಿಳಿಯುತ್ತವೆ. ಯಜಮಾನರು ಹೊರೆ ಬಿಚ್ಚಿ, ಶನಿವಾರ ಶನಿವಾರ ಕೆಲಸದವರಿಗೆ ಕೊಡುತ್ತಾರೆ. ಒಂದು ಹಾಳೆ ಎಂದರೆ ಹೆಚ್ಚುಕಡಿಮೆ ಒಂದು ಟವೆಲಿನಷ್ಟು. ಬೆಳಿಗ್ಗೆ ಬಿಡಿಸಿ ಹಾಸಿದರೆ ಸಂಜೆವರೆಗೆ ಬೆಚ್ಚಗಿದ್ದು ಆಮೇಲೆ ಆರಿಹೋಗುತ್ತದೆ. ಮಡಿಸಿಟ್ಟರೆ ಎಷ್ಟು ದಿನವಾದರೂ ಕೆಡುವುದಿಲ್ಲ. ಬಟ್ಟೆ ಒಣಗುವುದು ಅದರಲ್ಲಿ, ಮಗುವಿಗೆ ಎಣ್ಣೆ ಹಚ್ಚಿ ಮಲಗಿಸುವುದು ಅದರ ಮೇಲೆ, ಅಂಗಡಿಯಲ್ಲಿ ರಾಗಿ ಕೊಳ್ಳುವುದೂ ಅದನ್ನೇ ಕೊಟ್ಟು.

ಹಾಳೆ ಕೆಲಸದವರ ಮನೆ ಸೇರುವ ಮೊದಲು ನನ್ನ ಮೇಜಿನ ಮೇಲೆ ಬರಬೇಕಿತ್ತು. ನಾಲ್ಕು ಮೂಲೆಯಲ್ಲಿ ಒಂದನ್ನು ನಾನು ಕತ್ತರಿಸುತ್ತಿದ್ದೆ. ಆ ಮೂಲೆ ಊರಿನದು. ಎಲ್ಲ ಮೂಲೆಗಳನ್ನೂ ಒಯ್ದು ಊರ ಬಯಲಿನಲ್ಲಿ ಒಂದಕ್ಕೊಂದು ಹೊಲಿದು ಹಾಸುತ್ತಾರೆ. ಬಾಣಂತಿಯರು, ಮಂಡಿನೋವಿನ ಮುದುಕರು, ಶಾಲೆಯ ಮಕ್ಕಳು ಎಲ್ಲರೂ ಅಲ್ಲಿ ಬಂದು ಕೂರುತ್ತಾರೆ. ತೆರಿಗೆಯನ್ನು ಬೈಯುವವರೂ ಅಲ್ಲೇ ಕೂತು, ಬೆನ್ನು ಕಾಯಿಸಿಕೊಳ್ಳುತ್ತಾ ಬೈಯುತ್ತಾರೆ. ಬೈಯಲಿ. ಬೈಸಿಕೊಳ್ಳದ ತೆರಿಗೆಯವನು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರೆ ಸಾಕು, ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ನನಗೆ ತಿಳಿಯುತ್ತದೆ. ಇದನ್ನು ಜಂಭ ಅನ್ನುವವರು ಅನ್ನಿಕೊಳ್ಳಲಿ, ಇದು ಲೆಕ್ಕ.

ಇನ್ನು ನೋವಿನ ಹರವಿಯ ವಿಷಯ. ಪ್ರತಿ ಕಾರ್ಖಾನೆಯಲ್ಲೂ ಮಣ್ಣಿನ ದೊಡ್ಡ ಹರವಿ ಒಂದಿರುತ್ತದೆ. ಕೆಲಸ ಮಾಡುವಾಗ ಯಾರಿಗಾದರೂ ಪೆಟ್ಟಾಗಿ, ಸಂಬಳ ನಿಂತರೆ, ಗುಣವಾಗುವವರೆಗೆ ದಿನಕ್ಕೊಂದು ಹಾಳೆ ಆ ಹರವಿಯಿಂದ ಕೊಡುತ್ತಾರೆ. ಹಪ್ಪಳದ ಕಾರ್ಖಾನೆಯಲ್ಲಿ ಹರವಿ ತುಂಬುವವರು ಕೆಲಸದವರೇ. ಸಂಬಳದ ದಿನ ಒಬ್ಬೊಬ್ಬರೂ ತಮ್ಮ ಹಾಳೆಯಿಂದ ಅಂಗೈಯಗಲದ ಒಂದು ಪಟ್ಟಿ ಹರಿದು ಅದರೊಳಗೆ ಹಾಕುತ್ತಾರೆ. ಹರವಿಯೊಳಗೆ ಪಟ್ಟಿಗಳು ತಾವಾಗಿಯೇ ಕೂಡಿಕೊಂಡು ಹಾಳೆಯಾಗುತ್ತವೆ. ತೆಗೆದು ನೋಡಿದರೆ ಹೊಸದರಂತೆ ನಾಲ್ಕು ಮೂಲೆ ಇರುತ್ತದೆ. ಕಚೇರಿಯ ಪುಸ್ತಕದಲ್ಲಿ ನಿಯಮ ಸ್ಪಷ್ಟವಾಗಿತ್ತು: ನಾಲ್ಕು ಮೂಲೆ ಕಂಡರೆ ಒಂದು ಕತ್ತರಿಸು. ನಾನು ಕತ್ತರಿಸುತ್ತಿದ್ದೆ.

ಹಪ್ಪಳದ ಕಾರ್ಖಾನೆಯ ನಿಂಗಾಜಮ್ಮನ ಬಲಗೈ ಹಿಟ್ಟು ನಾದುವ ಯಂತ್ರಕ್ಕೆ ಸಿಕ್ಕಿತು. ಮೂಳೆ ಕೂಡಿಕೊಂಡಿತು, ಬೆರಳು ಮಾತ್ರ ಮುಷ್ಟಿಗಟ್ಟಿ ಹಾಗೇ ನಿಂತುಬಿಟ್ಟವು. ಹೆಂಗಸಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಎರಡು ಕೈ, ಅದರಲ್ಲೊಂದು ಹೀಗಾಯಿತು. ಆಸ್ಪತ್ರೆಯ ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದರಂತೆ, "ಎರಡು ತಿಂಗಳು ದಿನಾ ಮೊಣಕೈಯಿಂದ ಬೆರಳ ತುದಿವರೆಗೂ ಬಿಸಿಲು ಸುತ್ತಬೇಕು. ಅಷ್ಟರೊಳಗೆ ಬೆರಳು ಬಿಟ್ಟರೆ ಬಿಟ್ಟಿತು. ಆಮೇಲೆ ನರ ಹಾಗೇ ಗಟ್ಟಿಯಾಗಿಬಿಡುತ್ತೆ."

ಹರವಿಯಿಂದ ಅವಳಿಗೆ ದಿನಕ್ಕೊಂದು ಹಾಳೆ ಬರತೊಡಗಿತು. ಕಾರ್ಖಾನೆಯ ಮೇಸ್ತ್ರಿ ಅದನ್ನು ಕಚೇರಿಗೆ ತಂದು ನನ್ನ ಮೇಜಿನ ಮೇಲಿಡುತ್ತಿದ್ದ, ನಾನು ಮೂಲೆ ಕತ್ತರಿಸಿ ಅವಳ ಎಡಗೈಗೆ ಕೊಡುತ್ತಿದ್ದೆ. ಹದಿನೆಂಟು ದಿನ ತೆಪ್ಪಗೆ ತೆಗೆದುಕೊಂಡು ಹೋದಳು. ಹತ್ತೊಂಬತ್ತನೆಯ ದಿನ ನಾನು ಕತ್ತರಿ ಎತ್ತಿದ್ದೇ ತಡ, ಎಡಗೈಯನ್ನು ಹಾಳೆಯ ಮೇಲೆ ಊರಿ ನಿಂತಳು.

"ಮರಿಸ್ವಾಮಣ್ಣ, ಒಂದ್ ಮಾತ್ ಕೇಳ್ತೀನಿ, ಕೋಪ ಮಾಡ್ಕಬ್ಯಾಡ. ಬೀಸಿದ ರಾಗೀನ ಯಾರಾದ್ರೂ ಇನ್ನೊಂದ್ಸಲ ಕಲ್ಲಿಗೆ ಹಾಕ್ತಾರಾ?"

"ಒಗಟು ಬಿಟ್ಟು ವಿಷಯ ಹೇಳವ್ವ. ಹಿಂದೆ ಜನ ನಿಂತವ್ರೆ."

"ಈ ಹರವೀಲಿರೋದು ನಮ್ದೇ ಬಿಸ್ಲು. ಸಂಬಳದಾಗೆ ನೀನು ಮೂಲೆ ಕತ್ತರ್ಸಿ ಕೊಟ್ಟಿದ್ರಲ್ಲೇ ಪಟ್ಟಿ ಹರ್ದು ಹಾಕಿರೋದು ನಾವು. ಹನ್ನೊಂದ್ ವರ್ಷ ಹಾಕಿವ್ನಿ ನಾನು. ಆವಾಗ್ಲೇ ಊರಿಗೆ ಕೊಟ್ಟಾಯ್ತಲ್ಲ, ಈಗ ಇನ್ನೊಂದ್ಸಲ ಯಾಕೆ ಕೊಡ್ಬೇಕು?"

"ನಾಲ್ಕು ಮೂಲೆ ಅದೆಯಲ್ಲ ಇದ್ರಲ್ಲಿ!"

"ಮೂಲೆ ಇದ್ರೆ ಅದು ಹರವಿ ಗುಣ. ಅದಕ್ಕೆ ನನ್ನ ಕೈ ಯಾಕೆ ದಂಡ ಕಟ್ಬೇಕು?"

ಹಿಂದೆ ನಿಂತವರು ಕಿಸಕ್ಕೆಂದರು. ನನಗೆ ಮೈ ಉರಿಯಿತು. ಸುಳ್ಳೇಕೆ ಹೇಳಲಿ, ಕೋಪದಲ್ಲಿ ಅವಳ ಕೈ ಸರಿಸಿ ಕತ್ತರಿಸಿಯೇಬಿಟ್ಟೆ. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಹಾಳೆಯನ್ನು ಹಲ್ಲಲ್ಲಿ ಕಚ್ಚಿ ಅರ್ಧಕ್ಕೆ ಹರಿದಳು. ಮೂಲೆ ನೆಟ್ಟಗಿದ್ದ ಅರ್ಧವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದು ರಾಗಿ ಅಂಗಡಿಗೆ. ಹರಕು ಅರ್ಧ ಅವ್ನು ಮುಟ್ಟಲ್ಲ. ಈ ಹರಕು ನನ್ನ ಕೈಗೆ. ಬಾ, ನೀನೇ ಸುತ್ತು."

"ನಾನಾ?"

"ಕತ್ತರ್ಸೋಕ್ ಬರ್ತದೆ, ಸುತ್ತೋಕ್ ಬರಲ್ವಾ?"

ಎಲ್ಲರೂ ನೋಡುತ್ತಿದ್ದರು. ಎದ್ದು ಸುತ್ತಿದೆ. ಮೊಣಕೈಯಿಂದ ಶುರುಮಾಡಿ, ಒಂದೊಂದೇ ಸುತ್ತು ಬಿಗಿಯಾಗಿ ತಂದೆ. ಮುಂಗೈ ದಾಟಿ ಬೆರಳಿನ ಬುಡಕ್ಕೆ ಬರುವಷ್ಟರಲ್ಲಿ ಬಿಸಿಲು ಮುಗಿದುಹೋಯಿತು. ನಾಲ್ಕು ಬೆರಳು ಹೊರಗೇ ಉಳಿದವು, ಮುದುಡಿಕೊಂಡು, ತಣ್ಣಗೆ. ಅವಳು ಮೂಲೆ ಹಾಕುವ ನನ್ನ ಡಬ್ಬಿಯ ಕಡೆ ನೋಡಿದಳು. ಆಗಷ್ಟೇ ಕತ್ತರಿಸಿ ಹಾಕಿದ ಮೂಲೆ ಅದರ ಮೇಲೇ ಬಿದ್ದಿತ್ತು. ಬೇಡ ಬೇಡ ಅಂದುಕೊಂಡೇ ತೆಗೆದು ಬೆರಳ ಮೇಲಿಟ್ಟು ನೋಡಿದೆ. ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಆದರೂ ವಾಪಸು ತೆಗೆದು ಡಬ್ಬಿಗೆ ಹಾಕಿದೆ. ಕಚೇರಿಯ ಸ್ವತ್ತು, ನನ್ನದಲ್ಲ.

"ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಅದು ನೀನೇ ಕಣಣ್ಣ" ಅಂದು ನಿಂಗಾಜಮ್ಮ ಹೊರಟುಹೋದಳು.

ಮನೆಗೆ ಹೋದರೂ ಆ ಮಾತು ಬಿಡಲಿಲ್ಲ. ಊಟಕ್ಕೆ ಕೂತಾಗ ನನ್ನ ಹೆಂಡತಿ ದೇವೀರಮ್ಮನ ಮುಂದೆ ಹೇಳಿಕೊಂಡೆ. ಆ ಹೆಂಗಸಿಗೆ ಎಷ್ಟು ಸೊಕ್ಕು ನೋಡು, ನನಗೇ ಕೆಲಸ ಕಲಿಸುತ್ತಾಳೆ ಅಂದೆ. ದೇವೀರಮ್ಮ ಸಾರು ಬಡಿಸುತ್ತಾ ಒಂದೇ ಪ್ರಶ್ನೆ ಕೇಳಿದಳು.

"ಅವ್ರು ಪಟ್ಟಿ ಹರ್ದು ಹಾಕೋದು ನಿಮ್ಮ ಮೇಜಿಗ್ ಬರೋ ಮುಂಚೆನಾ, ಬಂದ್ಮೇಲಾ?"

ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ನನಗೆ ಗೊತ್ತಿರಲಿಲ್ಲ! ಸಂಬಳದ ದಿನ ನಾನೇ ಹಪ್ಪಳದ ಕಾರ್ಖಾನೆಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಕೆಲಸದವರು ಒಳಗಿನಿಂದ ನನ್ನ ಎದುರಿಗೆ ಬರುತ್ತಿದ್ದರು, ಹಾಳೆ ಇಡುತ್ತಿದ್ದರು, ಕತ್ತರಿಸಿದ್ದನ್ನು ತೆಗೆದುಕೊಂಡು ನನ್ನ ಪಕ್ಕದಿಂದ ದಾಟಿ ಹೋಗುತ್ತಿದ್ದರು. ಆಮೇಲೆ ಅವರು ಏನು ಮಾಡುತ್ತಾರೆ ಎಂದು ನಾನು ತಿರುಗಿ ನೋಡಿದವನೇ ಅಲ್ಲ. ಕತ್ತರಿಸುವವನು ತಲೆ ಎತ್ತಬಾರದು ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ತಲೆ ಎತ್ತಿದರೆ ಮುಖ ಕಾಣುತ್ತದೆ, ಮುಖ ಕಂಡರೆ ಕೈ ಅಳುಕುತ್ತದೆ.

ಆ ಶನಿವಾರ ಕಾರ್ಖಾನೆಗೆ ಹೋದವನೇ ಸ್ಟೂಲನ್ನು ತಿರುಗಿಸಿ ಹಾಕಿಕೊಂಡೆ. ಮೇಸ್ತ್ರಿ ಹೌಹಾರಿ, "ಇದೇನ್ ಸ್ವಾಮಿ, ವಾಸ್ತುನಾ?" ಅಂದ. ಸುಮ್ಮನಿರಯ್ಯ ಅಂದೆ. ಒಬ್ಬೊಬ್ಬರೇ ಬಂದರು. ಹಾಳೆ ಮೇಜಿಗೆ ಬಂತು, ಮೂಲೆ ಡಬ್ಬಿಗೆ ಬಿತ್ತು, ಹಾಳೆ ಅವರ ಕೈಗೆ ಹೋಯಿತು. ಅವರು ಮೂರು ಹೆಜ್ಜೆ ನಡೆದು, ಬಾಗಿಲ ಪಕ್ಕದ ಹರವಿಯ ಮುಂದೆ ನಿಂತು, ಪಟ್ಟಿ ಹರಿದು ಒಳಗೆ ಹಾಕಿದರು. ನಲವತ್ತಾರು ಜನ. ಒಬ್ಬರೂ ತಪ್ಪಲಿಲ್ಲ. ಹರವಿ ಇಷ್ಟು ವರ್ಷವೂ ನನ್ನ ಬೆನ್ನ ಹಿಂದೆಯೇ ಇತ್ತು. ಅದರೊಳಗಿನ ಪ್ರತಿಯೊಂದು ಎಳೆಯೂ ನನ್ನ ಕತ್ತರಿ ದಾಟಿ ಬಂದದ್ದು. ನಿಂಗಾಜಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ನನಗೆ ನಾಚಿಕೆಯಾಯಿತು. ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ ನಾನು.

ಸೋಮವಾರ ಬೆಳಿಗ್ಗೆಯೇ ನಮ್ಮ ಅಧಿಕಾರಿ ರುದ್ರಾರಾಧ್ಯರ ಮುಂದೆ ನಿಂತೆ. ಒಳ್ಳೆಯ ಮನುಷ್ಯ, ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಮಾತಾಡುವುದರಲ್ಲಿ ಎತ್ತಿದ ಕೈ.

"ನೋಡಿ ಮರಿಸ್ವಾಮಿ, ನೀವು ಹೇಳೋದೂ ಸರಿ ಅನ್ನಿಸುತ್ತೆ, ಪುಸ್ತಕ ಹೇಳೋದೂ ಸರಿ ಅನ್ನಿಸುತ್ತೆ. ಹರವಿಯಿಂದ ಬಂದದ್ದಕ್ಕೆಲ್ಲ ಕತ್ತರಿ ಬೇಡ ಅಂದ್ರೆ ನಾಳೆ ಯಜಮಾನರೆಲ್ಲ ಹೊರೆಯನ್ನೇ ಹರವಿಯೊಳಗೆ ಸುರಿದು, ಆ ಕಡೆಯಿಂದ ಇಡೀ ಹಾಳೆ ತೆಗೀತಾರೆ. ಬಯಲಿಗೆ ಏನು ಹಾಸ್ತೀರಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಉತ್ತರ ಅವರ ಕೋಣೆಯಲ್ಲೇ ಇತ್ತಲ್ಲ! ನಮ್ಮ ಕಚೇರಿಗೂ ಒಂದು ಹರವಿಯಿದೆ, ಅವರ ಕುರ್ಚಿಯ ಹಿಂದೆ. ಅದಕ್ಕೆ ನೌಕರರು ಯಾರೂ ಒಂದು ಪಟ್ಟಿಯನ್ನೂ ಹಾಕುವುದಿಲ್ಲ. ಬೆಟ್ಟದಿಂದ ಹೊರೆ ಇಳಿದಾಗ ಕಚೇರಿಯೇ ಇಡೀ ಹಾಳೆಗಳನ್ನು ತೆಗೆದು ತುಂಬಿಸುತ್ತದೆ.

"ಸ್ವಾಮಿ, ಈ ಹರವೀಲಿರೋದು ಕತ್ತರಿ ಕಂಡೇ ಇಲ್ಲ. ನಾಳೆ ನನಗೇ ಏನಾದ್ರೂ ಆಗಿ ಇದ್ರಿಂದ ತಗೊಂಡ್ರೆ ಮೂಲೆ ಕೊಡ್ಲೇಬೇಕು, ಯಾಕಂದ್ರೆ ಅಲ್ಲಿವರೆಗೆ ಯಾರೂ ಕೊಟ್ಟಿರಲ್ಲ. ಹಪ್ಪಳದೋರ ಹರವಿ ಹಂಗಲ್ಲ, ಅವ್ರು ಕೊಟ್ಟೇ ತುಂಬಿಸವ್ರೆ. ಮೂಲೆ ಎಣಿಸೋದಲ್ಲ ಸ್ವಾಮಿ, ಹರವಿ ಎಲ್ಲಿ ಕೂತದೆ ನೋಡ್ಬೇಕು. ಮೇಜು ದಾಟಿದ ಮೇಲಿದ್ರೆ ಮುಟ್ಟೋ ಹಂಗಿಲ್ಲ. ಮೇಜಿಗೆ ಬರೋ ಮುಂಚೆ ಇದ್ರೆ ಕತ್ತರಿಸ್ಬೇಕು. ಅಷ್ಟೇ."

ರುದ್ರಾರಾಧ್ಯರು ಕುರ್ಚಿ ತಿರುಗಿಸಿ ತಮ್ಮ ಹರವಿಯೊಳಗೆ ಬಗ್ಗಿ ನೋಡಿದರು.

"ಒಪ್ಪಿದೆ. ಆದ್ರೆ ಇಷ್ಟು ವರ್ಷ ಪೆಟ್ಟಾದೋರ ಹತ್ರ ಕತ್ತರಿಸಿದ್ದೆಲ್ಲ ವಾಪಸು ಹೋಗಬೇಕಾಗುತ್ತೆ. ಅದು ತೀರೋವರೆಗೂ ಬಯಲು ಮಂಜಲ್ಲೇ ಇರುತ್ತೆ. ಅದಿರ್ಲಿ, ತಪ್ಪು ಕತ್ತರಿಸಿದೋನು ಬಯಲಲ್ಲಿ ಕತ್ತರಿ ಕೆಳಗಿಡಬೇಕು, ಗೊತ್ತಲ್ಲ?"

ಗೊತ್ತಿತ್ತು. ನಮ್ಮೂರ ಪದ್ಧತಿ ಅದು. ತಪ್ಪು ಮಾಡಿದವನು ಊರಿನವರ ಮುಂದೆ ತಪ್ಪು ಹೇಳಿ ಕತ್ತರಿಯನ್ನು ನೆಲಕ್ಕಿಡಬೇಕು. ಯಾರಾದರೂ ಎತ್ತಿ ಅವನ ಕೈಗೆ ಕೊಟ್ಟರೆ ಕೆಲಸ ಉಳಿಯಿತು. ಕತ್ತಲಾಗುವುದರೊಳಗೆ ಯಾರೂ ಎತ್ತದಿದ್ದರೆ ಅವನು ಮನೆಗೆ ಹೋಗಬಹುದು, ಕತ್ತರಿ ಬಿಟ್ಟು.

"ಯಾರೂ ಎತ್ತದೆ ಹೋದ್ರೆ ಏನ್ ಮಾಡ್ತೀರಿ?" ಅಂದರು.

"ಎತ್ತದಿದ್ರೆ ಬಿಡ್ಲಿ ಸ್ವಾಮಿ. ಅವಳ ಬೆರಳಿಗೆ ಇನ್ನು ಮೂವತ್ತೊಂಬತ್ತು ದಿನ ಮಾತ್ರ ಇರೋದು" ಅಂದೆ.

ಅವತ್ತೇ ಮಧ್ಯಾಹ್ನ ಬಯಲಿಗೆ ಹೋದೆ. ಡಂಗುರ ಸಾರಿದ್ದರಿಂದ ಊರೆಲ್ಲ ಸೇರಿತ್ತು. ಹೇಳಬೇಕಾದ್ದನ್ನು ಹೇಳಿದೆ. ನೊಂದವರು ತಮ್ಮ ದುಡಿಮೆಯಿಂದ, ಒಮ್ಮೆ ಊರಿಗೆ ಕೊಟ್ಟು ಉಳಿಸಿಟ್ಟದ್ದರಲ್ಲಿ ನಾನು ಎರಡನೆಯ ಸಲ ಕತ್ತರಿಸಿದ್ದೇನೆ, ಅದೆಲ್ಲ ಹಿಂದಕ್ಕೆ ಹೋಗಬೇಕು, ಅದಕ್ಕಾಗಿ ಹದಿನೇಳು ದಿನ ಬಯಲಿಗೆ ಬಿಸಿಲಿಲ್ಲ ಅಂದೆ. ಕತ್ತರಿಯನ್ನು ಕೆಳಗಿಟ್ಟೆ.

ಅಯ್ಯಯ್ಯೋ, ಎದ್ದಿತು ನೋಡಿ ಗಲಾಟೆ! ಮಂಡಿನೋವಿನವರು ನಿಂತೇ ಬೈದರು. ಬಾಣಂತಿಯೊಬ್ಬಳ ತಾಯಿ ನನ್ನ ಮೂರು ತಲೆಮಾರನ್ನು ಜಾಲಾಡಿದಳು. ಇವನಿಗೆ ಕಣ್ಣಿರಲಿಲ್ಲವಾ ಅಂದರು. ಬೈದು ಬೈದು ದಣಿದರೂ ಯಾರೂ ಕತ್ತರಿಗೆ ಬಗ್ಗಲಿಲ್ಲ. ಕತ್ತರಿ ನೆಲದ ಮೇಲೆಯೇ ಇತ್ತು. ದೇವೀರಮ್ಮ ದೂರದಲ್ಲಿ ಸೆರಗು ಹಿಡಿದು ನಿಂತಿದ್ದಳು, ಹೆಂಡತಿ ಎತ್ತುವಂತಿಲ್ಲ. ಇನ್ನೇನು ಮಬ್ಬಾಗುತ್ತಿದೆ ಅನ್ನುವಾಗ ಗುಂಪಿನೊಳಗಿಂದ ನಿಂಗಾಜಮ್ಮ ಬಂದಳು. ಬಗ್ಗಿ, ಎಡಗೈಯಿಂದ ಕತ್ತರಿ ಎತ್ತಿ, ಅದರ ಮೇಲಿನ ಮಣ್ಣನ್ನು ಸೀರೆಗೆ ಒರೆಸಿದಳು.

"ತಗೋ. ತಪ್ಪು ಕತ್ತರ್ಸಿದೋನೇ ಇನ್ಮೇಲೆ ನೆಟ್ಟಗ್ ಕತ್ತರ್ಸು. ಹೊಸಬ ಯಾರಾದ್ರೂ ಬಂದ್ರೆ ಅವ್ನಿಗೂ ಹರವಿ ಎಲ್ಲದೆ ಅಂತ ತೋರ್ಸೋಕೆ ನನ್ನ ಕೈಲಾಗಲ್ಲ."

ಬಯಲಿನವರೆಲ್ಲ ನಕ್ಕುಬಿಟ್ಟರು. ನಾನು ಎರಡೂ ಕೈ ಚಾಚಿ ಕತ್ತರಿ ತೆಗೆದುಕೊಂಡೆ.

ಮರುದಿನದಿಂದ ಅವಳಿಗೆ ಇಡೀ ಹಾಳೆ. ಹಳೆಯ ಮೂಲೆಗಳಿಗೆ ಬದಲಾಗಿ ಹೊಸವೂ ಕೈಸೇರಿದವು, ಅದರಿಂದ ಬೆರಳಿಗೆ ಎರಡೆರಡು ಸುತ್ತು ಬಂತು. ಬಯಲು ಹದಿನೇಳು ದಿನ ಮಂಜಲ್ಲೇ ಇತ್ತು. ಆದರೂ ಜನ ಅಭ್ಯಾಸಬಲದಿಂದ ಅಲ್ಲೇ ಬಂದು ಕಂಬಳಿ ಹೊದ್ದು ಕೂತು, ನನ್ನನ್ನು ಬೈಯುತ್ತಿದ್ದರು. ಡಾಕ್ಟರಮ್ಮ ಹೇಳಿದ ಗಡುವಿಗೆ ಇನ್ನು ಐದು ದಿನ ಇದೆ ಅನ್ನುವಾಗ, ನಾನು ತಲೆ ಬಗ್ಗಿಸಿ ಕತ್ತರಿಸುತ್ತಿದ್ದಾಗ, ಯಾರೋ ನನ್ನ ತೋಳನ್ನು ಜೋರಾಗಿ ಚಿವುಟಿದರು. ಹಾ! ಎಂದು ನೋಡಿದರೆ ನಿಂಗಾಜಮ್ಮ. ಚಿವುಟಿದ್ದು ಬಲಗೈ.

"ನೋವಾಯ್ತಾ ಅಣ್ಣ?"

"ಆಗದೆ! ಉಗುರು ಕತ್ತರ್ಸ್ಕೋ ಮೊದ್ಲು."

"ಅಬ್ಬ, ಆಗ್ಲಿ" ಅಂದವಳೇ, ಎಲ್ಲರ ಮುಂದೆ, ಕೈಯನ್ನು ಬಿಚ್ಚಿ ಮುಚ್ಚಿ ಬಿಚ್ಚಿ ಮುಚ್ಚಿ ತೋರಿಸಿ, ಗಳಗಳ ಅತ್ತಳು.

ಹಿಟ್ಟು ನಾದುವ ಶಕ್ತಿ ಆ ಕೈಗೆ ಮತ್ತೆ ಬರಲಿಲ್ಲ. ಕತ್ತರಿ ಹಿಡಿಯುವಷ್ಟು ಬಂತು. ನಾನೇ ರುದ್ರಾರಾಧ್ಯರಿಗೆ ಹೇಳಿ ಅವಳನ್ನು ಕಚೇರಿಗೆ ಸೇರಿಸಿದೆ. ದಾಕ್ಷಿಣ್ಯಕ್ಕಲ್ಲ. ಪುಸ್ತಕಕ್ಕಿಂತ ಚೆನ್ನಾಗಿ ನಿಯಮ ತಿಳಿದವಳು ಊರಿನಲ್ಲಿ ಅವಳೊಬ್ಬಳೇ ಇದ್ದಳು. ನನ್ನ ಸ್ವಾರ್ಥವೂ ಇತ್ತು ಅನ್ನಿ. ಬಿಸಿಲು ಕತ್ತರಿಸುವವರ ಕಣ್ಣು ಕೊನೆಗೆ ಹೋಗಿಯೇ ಹೋಗುತ್ತದೆ. ನನಗೆ ಕೆಲಸ ಕಲಿಸಿದವರಿಗೂ ಹಾಗೇ ಆಗಿತ್ತು. ನನ್ನ ಬಲಗಣ್ಣಿನೊಳಗೆ ಆಗಲೇ ಮಂಜು ಇಳಿಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದಲ್ಲಿ ಎಡಗಣ್ಣೂ ಹೋಯಿತು. ಕತ್ತರಿಯನ್ನು ನಿಂಗಾಜಮ್ಮನ ಕೈಗೆ ಕೊಟ್ಟು ಮನೆಯಲ್ಲಿ ಕೂತೆ.

ಸಂಬಳ ನಿಂತಿತು, ಕಚೇರಿಯ ಹರವಿಯಿಂದ ದಿನಕ್ಕೊಂದು ಹಾಳೆ ಮಂಜೂರಾಯಿತು. ಮೊದಲ ದಿನ ದೇವೀರಮ್ಮ ನನ್ನ ಕೈಹಿಡಿದು ಕಚೇರಿಗೆ ಕರೆದುಕೊಂಡು ಹೋದಳು. ರುದ್ರಾರಾಧ್ಯರು ತಾವೇ ಎದ್ದು ಬಂದು ಹಾಳೆಯನ್ನು ಮೇಜಿನ ಮೇಲಿಟ್ಟರು.

"ಮರಿಸ್ವಾಮಿ, ನಾವೆಲ್ಲ ಮಾತಾಡಿಕೊಂಡಿದ್ದೀವಿ. ಮೂವತ್ತೆರಡು ವರ್ಷ ದುಡಿದಿದ್ದೀರಿ, ಕಣ್ಣನ್ನೇ ಕೊಟ್ಟಿದ್ದೀರಿ. ನಿಮ್ಮ ಹಾಳೆಗೆ ಮೂಲೆ ಬೇಡ."

"ಯಾವ ಹರವಿ ಸ್ವಾಮಿ ಇದು?"

"ಅದು... ನಮ್ಮದೇ. ಕಚೇರಿಯದು."

"ನಾನು ಅದಕ್ಕೆ ಒಂದು ಪಟ್ಟಿ ಹಾಕಿದ್ದು ನೋಡಿದ್ದೀರಾ?"

ನಾನು ಕೈ ಚಾಚಿ ಮೇಜಿನ ಅಂಚು ಹುಡುಕಿ ಹಿಡಿದುಕೊಂಡೆ. ಎದುರಿಗೆ ನಿಂಗಾಜಮ್ಮ ಕೂತಿದ್ದಾಳೆಂದು ಅವಳ ಬಳೆ ಸದ್ದಿನಿಂದ ತಿಳಿಯಿತು.

"ಕತ್ತರ್ಸವ್ವ."

"ಅಣ್ಣ, ಇದೊಂದ್ಸಲ ಬಿಡ್ಲಾ? ನನ್ನ ಬೆರಳು ನಿನ್ನಿಂದ ಉಳ್ಕಂಡಿದ್ದು."

"ನಿನ್ನ ಬೆರಳು ನ್ಯಾಯದಿಂದ ಉಳ್ಕಂಡಿದ್ದು, ನನ್ನಿಂದಲ್ಲ. ಆವತ್ತು ಕತ್ತರ್ಸಬಾರ್ದಾಗಿತ್ತು, ಕತ್ತರ್ಸಿದೆ. ಇವತ್ತು ಕತ್ತರ್ಸಬೇಕು, ನೀನು ಬಿಡ್ತೀನಿ ಅಂತೀಯ. ಬಿಟ್ರೆ ಎರಡೂ ತಪ್ಪೇ. ಹೂಂ, ನಡೀಲಿ."

ಅವಳು ಮೂಗೆಳೆದುಕೊಂಡಿದ್ದು ಕೇಳಿಸಿತು. ಕತ್ತರಿ ಬಾಯಿ ತೆರೆದ ಸದ್ದು, ಆಮೇಲೆ ಕಚಕ್. ಎಷ್ಟು ಹದವಾದ ಕೈ! ಹಾಳೆಯನ್ನು ಮಡಿಸಿ ನನ್ನ ಕೈಗಿಟ್ಟಳು. ಬೆಚ್ಚಗಿತ್ತು. ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದವನು, ಅಭ್ಯಾಸ ಕೇಳಬೇಕಲ್ಲ, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ. ನಿಂತೆ. ತಿರುಗಿ ಬಂದು ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟೆ.

"ಎರಡು ಕೂದಲೆಳೆ ಕಮ್ಮಿ ಕತ್ತರ್ಸಿದ್ದೀಯ" ಅಂದೆ.

"ಥೂ, ಕಣ್ಣು ಹೋದ್ರೂ ಬಿಡಲ್ವಲ್ಲ ಈ ಮುದುಕ!" ಅಂದಳು ನಿಂಗಾಜಮ್ಮ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಹಾಳೆಯನ್ನು ಎಳೆದುಕೊಂಡು, ಉಳಿದ ಆ ಎರಡೆಳೆಯನ್ನೂ ಕತ್ತರಿಸಿ ಡಬ್ಬಿಗೆ ಹಾಕಿದಳು.